ಸಿಂಧನೂರು–ಮಸ್ಕಿ–ಲಿಂಗಸುಗೂರು ಸೀಮೆಯ ಸಾರ್ವಜನಿಕ ಸಾರಿಗೆ

ರಾಯಚೂರು ಜಿಲ್ಲೆಯ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು ತಾಲ್ಲೂಕುಗಳ ಜನರ ಓಡಾಟಕ್ಕಾಗಿ ಸರ್ಕಾರಗಳು ರೂಪಿಸಿದ ಬಸ್ಸು, ಸೈಕಲ್, ರಸ್ತೆ ಹಾಗೂ ಪ್ರಯಾಣಿಕರ ರೈಲು ಯೋಜನೆಗಳ ಇತಿಹಾಸ ಸುಮಾರು ಒಂದೂವರೆ ಶತಮಾನದ್ದು. ಹೈದರಾಬಾದ್ ಸಂಸ್ಥಾನದ ಆಡಳಿತದಲ್ಲಿ ಆರಂಭವಾದ ಈ ಕಥೆ, 1956ರ ಏಕೀಕರಣದ ನಂತರ ರಾಜ್ಯದ ಬಸ್ ಸೇವೆಯಾಗಿ ಬೆಳೆಯಿತು. 2006ರ ನಂತರ ಶಾಲಾ ಮಕ್ಕಳ ಸೈಕಲ್, 2023ರಲ್ಲಿ ಮಹಿಳೆಯರ ಉಚಿತ ಪ್ರಯಾಣ, 2024ರಲ್ಲಿ ಸಿಂಧನೂರಿಗೆ ರೈಲು ಇದಕ್ಕೆ ಸೇರಿಕೊಂಡವು. ಇಲ್ಲಿನ ಹಳ್ಳಿಯ ಪ್ರಯಾಣಿಕರಿಗೆ ನಡಿಗೆ, ಸೈಕಲ್, ಬಸ್ಸು, ರೈಲು ಎಲ್ಲವೂ ಒಂದೇ ಪ್ರಯಾಣದ ಹಂತಗಳು. ಸರ್ಕಾರದಲ್ಲಿ ಮಾತ್ರ ಅವು ಬೇರೆ ಬೇರೆ ಇಲಾಖೆಗಳ ಪಾಲು.

ಹಿನ್ನೆಲೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ಈ ಪ್ರದೇಶ ಹಿಂದೆ ಎಡೆದೊರೆ ನಾಡು ಎನಿಸಿಕೊಂಡಿತ್ತು. ಎರಡೂ ಕಡೆ ಹೊಳೆ ಇದ್ದುದರಿಂದ ಸೇತುವೆಗಳು ಬರುವವರೆಗೆ ಹೊರಗಿನ ಊರುಗಳ ಸಂಪರ್ಕ ಹರಿಗೋಲನ್ನೇ ನೆಚ್ಚಿಕೊಂಡಿತ್ತು. ಒಳನಾಡಿನ ಓಡಾಟಕ್ಕೆ ಬಂಡಿದಾರಿಗಳಿದ್ದವು. ಇಲ್ಲಿನ ಎರೆ ಮಣ್ಣು ಮಳೆ ಬಿದ್ದರೆ ಗಾಲಿಗೂ ಕಾಲಿಗೂ ಅಂಟಿ, ಮಳೆಗಾಲದಲ್ಲಿ ಆ ದಾರಿಗಳೂ ಮುಚ್ಚಿದಂತೆಯೇ ಆಗುತ್ತಿದ್ದವು.

1871ರಲ್ಲಿ ಮುಂಬಯಿ ಕಡೆಯ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ ಮತ್ತು ಮದ್ರಾಸ್ ರೈಲ್ವೆ ರಾಯಚೂರಿನಲ್ಲಿ ಕೂಡಿದವು. ಆಗ ಲಿಂಗಸುಗೂರು ನಿಜಾಮರ ಆಡಳಿತದಲ್ಲಿ ಪ್ರತ್ಯೇಕ ಜಿಲ್ಲೆಯಾಗಿತ್ತು. ರೈಲು ಆ ಊರನ್ನು ಮುಟ್ಟಲಿಲ್ಲ. 1905ರಲ್ಲಿ ಜಿಲ್ಲೆಯನ್ನೂ ರದ್ದುಪಡಿಸಿ ರಾಯಚೂರು ಮತ್ತು ಗುಲ್ಬರ್ಗ ಜಿಲ್ಲೆಗಳಿಗೆ ಹಂಚಲಾಯಿತು. ರಾಯಚೂರು ಜಿಲ್ಲೆಯ ಪೂರ್ವದ ಅಂಚಿನಲ್ಲಿ ಹಾದುಹೋದ ರೈಲು, ಪಶ್ಚಿಮದ ತಾಲ್ಲೂಕುಗಳಿಗೆ ದೂರದಲ್ಲೇ ಉಳಿಯಿತು.

ಹೈದರಾಬಾದ್ ಸಂಸ್ಥಾನದಲ್ಲಿ ಸರ್ಕಾರಿ ಬಸ್ ಸೇವೆ ಶುರುವಾದದ್ದು 1932ರಲ್ಲಿ, 27 ಬಸ್ಸುಗಳೊಂದಿಗೆ. ಅದನ್ನು ನಡೆಸುತ್ತಿದ್ದುದು ನಿಜಾಮರ ರಾಜ್ಯ ರೈಲು ಮತ್ತು ರಸ್ತೆ ಸಾರಿಗೆ ಇಲಾಖೆ. ರೈಲು ಮತ್ತು ಬಸ್ಸನ್ನು ಒಂದೇ ಇಲಾಖೆಯ ಕೈಯಲ್ಲಿಟ್ಟ ಈ ಏರ್ಪಾಡು ಸ್ವಾತಂತ್ರ್ಯಾನಂತರ ಉಳಿಯಲಿಲ್ಲ. ರೈಲು ಕೇಂದ್ರ ಸರ್ಕಾರಕ್ಕೆ ಹೋಯಿತು, ಬಸ್ಸು ರಾಜ್ಯದಲ್ಲಿ ಉಳಿಯಿತು.

ರಾಜ್ಯದ ಬಸ್ಸು

ಹಳೆಯ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ರಸ್ತೆ ಸಾರಿಗೆ ಇಲಾಖೆ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ಆರಂಭವಾಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದಾಗ ಮುಂಬಯಿ ಮತ್ತು ಹೈದರಾಬಾದ್ ಭಾಗಗಳ ಸಾರಿಗೆ ಸೇವೆಗಳನ್ನೂ ಒಂದೇ ವ್ಯವಸ್ಥೆಯೊಳಗೆ ತರಬೇಕಾಯಿತು. 1950ರ ರಸ್ತೆ ಸಾರಿಗೆ ನಿಗಮಗಳ ಕಾಯ್ದೆಯಡಿ 1961ರ ಆಗಸ್ಟ್ 1ರಂದು ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ರಚನೆಯಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಾಗ ನಿಗಮವೂ ಕೆಎಸ್‌ಆರ್‌ಟಿಸಿ ಆಯಿತು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ನಂತರ ಸಿಂಧನೂರು ಸುತ್ತ ಭತ್ತದ ಬೇಸಾಯ ಹರಡಿತು. ಹೊರಗಿನಿಂದ ಬಂದವರು ಕಾಲುವೆಗುಂಟ ಕ್ಯಾಂಪುಗಳಲ್ಲಿ ನೆಲೆಸಿದರು. ಪೂರ್ವ ಬಂಗಾಳದ ನಿರಾಶ್ರಿತರಿಗೂ ಸಿಂಧನೂರು ಬಳಿ ಪುನರ್ವಸತಿ ಕ್ಯಾಂಪುಗಳಾದವು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಇದೆ. ಸಂತೆ, ಅಕ್ಕಿ ಗಿರಣಿ, ಗಣಿ, ಶಾಲೆ, ಆಸ್ಪತ್ರೆಗಳ ಓಡಾಟದಿಂದ ಬಸ್ಸಿಗೆ ಬೇಡಿಕೆ ಬೆಳೆಯಿತು. ಜೇವರ್ಗಿ ಕಡೆಯಿಂದ ಬಳ್ಳಾರಿಗೆ ಹೋಗುವ ಇಂದಿನ ರಾಷ್ಟ್ರೀಯ ಹೆದ್ದಾರಿ 150ಎ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರನ್ನೂ ಒಂದೇ ಸಾಲಿನಲ್ಲಿ ಹಾಯುತ್ತದೆ. ಈ ಸೀಮೆಯ ಬಸ್ ಸಂಚಾರಕ್ಕೆ ಅದೇ ಬೆನ್ನೆಲುಬು.

ಹಳ್ಳಿಗಳ ಮಟ್ಟಿಗೆ ಮುಖ್ಯವಾದದ್ದು ವಸ್ತಿ ಬಸ್ಸು. ಸಂಜೆ ತಾಲ್ಲೂಕು ಕೇಂದ್ರದಿಂದ ಹೊರಟು, ರಾತ್ರಿ ಹಳ್ಳಿಯಲ್ಲೇ ನಿಂತು, ಬೆಳಗ್ಗೆ ಅಲ್ಲಿಂದಲೇ ಮರಳುವ ಬಸ್ಸಿದು. ಚಾಲಕ, ನಿರ್ವಾಹಕರು ರಾತ್ರಿ ಊರಲ್ಲೇ ಮಲಗುತ್ತಾರೆ. ಬೆಳಗ್ಗೆ ಹಾಲಿನ ಕ್ಯಾನು, ಕಾಯಿಪಲ್ಲೆ ಬುಟ್ಟಿ, ಕಾಲೇಜಿನ ಹುಡುಗರು, ಆಸ್ಪತ್ರೆಗೆ ಹೊರಟ ಮುದುಕರು ಅದೇ ಬಸ್ಸಿಗೆ ಹತ್ತುತ್ತಾರೆ. ಆ ಒಂದು ಬಸ್ಸು ತಪ್ಪಿದರೆ ಟಂಟಂ, ಕ್ರೂಸರ್‌ನಂಥ ಖಾಸಗಿ ವಾಹನ ಹುಡುಕಬೇಕು. ಭತ್ತದ ನಾಟಿ ಮತ್ತು ಹತ್ತಿ ಬಿಡಿಸುವ ಕಾಲದಲ್ಲಿ ಕೂಲಿ ಹೆಣ್ಣುಮಕ್ಕಳು ಈ ವಾಹನಗಳಲ್ಲೇ ಒತ್ತೊತ್ತಾಗಿ ಕೂತು ಹೊಲಗಳಿಗೆ ಹೋಗುತ್ತಾರೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೆ ಗುಳೆ ಹೋಗುವ ಕುಟುಂಬಗಳಿಗೆ ರಾತ್ರಿ ಬಸ್ಸೇ ದಾರಿ.

ನಿಗಮದ ವಿಭಜನೆ

1997ರಲ್ಲಿ ಕೆಎಸ್‌ಆರ್‌ಟಿಸಿಯಿಂದ ಬೆಂಗಳೂರು ಮತ್ತು ವಾಯವ್ಯ ಕರ್ನಾಟಕದ ನಿಗಮಗಳು ಬೇರೆಯಾದವು. 2000ರ ಆಗಸ್ಟ್ 15ರಂದು ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ ಸ್ಥಾಪನೆಯಾಯಿತು. ರಾಯಚೂರು ಜಿಲ್ಲೆಯ ಬಸ್ಸುಗಳು ಅದರಡಿ ಬಂದವು. 2021ರಿಂದ ಇದರ ಹೆಸರು ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮ. ಬಸ್ಸಿನ ಬಗ್ಗೆ ತೀರ್ಮಾನ ಮಾಡುವ ಕಚೇರಿ ಬೆಂಗಳೂರಿನಿಂದ ಕಲಬುರಗಿಗೆ ಬಂದದ್ದು ಈ ಭಾಗದವರಿಗೆ ದೊಡ್ಡ ಬದಲಾವಣೆ.

ಪ್ರಾದೇಶಿಕ ಅಸಮಾನತೆ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟು, 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಲಿಂಗಸುಗೂರು, ಸಿಂಧನೂರು ಆ ಪಟ್ಟಿಯಲ್ಲಿದ್ದವು. ಇಂಥ ತಾಲ್ಲೂಕುಗಳಲ್ಲಿ ಬಸ್ಸು ಓಡಲು ಮೊದಲು ರಸ್ತೆ ಬೇಕು. ಕೇಂದ್ರದ ಗ್ರಾಮ ಸಡಕ್ ಯೋಜನೆ, ರಾಜ್ಯದ ‘ನಮ್ಮ ಗ್ರಾಮ ನಮ್ಮ ರಸ್ತೆ’ ಯೋಜನೆಗಳಿಂದ ಅನೇಕ ಹಳ್ಳಿಗಳಿಗೆ ಡಾಂಬರು ರಸ್ತೆ ಬಂತು. ಎಲ್ಲೆಡೆ ಸಮಸ್ಯೆ ತೀರಿಲ್ಲ. ನಾರಾಯಣಪುರದ ಬಸವಸಾಗರ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗಿ, ಕೃಷ್ಣಾ ನದಿಯ ನಡುಗಡ್ಡೆಯ ಜನ ಇಂದಿಗೂ ದಾರಿ ಕಳೆದುಕೊಳ್ಳುತ್ತಾರೆ.

ಸೈಕಲ್ ಯೋಜನೆ

ಕರ್ನಾಟಕ ಸರ್ಕಾರ 2006–07ರಲ್ಲಿ ಪ್ರೌಢಶಾಲಾ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಮೊದಲು ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳ ಹುಡುಗಿಯರಿಗೆ ಸಿಕ್ಕ ಈ ಸೌಲಭ್ಯ, ಮುಂದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ 8ನೇ ತರಗತಿಯ ಹುಡುಗರಿಗೂ ವಿಸ್ತರಿಸಿತು. ಹಾಸ್ಟೆಲ್‌ನಲ್ಲಿರುವವರಿಗೂ ಬಸ್ ಪಾಸ್ ಪಡೆದವರಿಗೂ ಸೈಕಲ್ ಇರಲಿಲ್ಲ. ಹಾಗಾಗಿ ಬಸ್ಸಿಲ್ಲದ ಊರಿನ ಮಕ್ಕಳಿಗೆ ಸೈಕಲ್ಲೇ ಸಾರಿಗೆಯಾಯಿತು. 7ನೇ ತರಗತಿ ಮುಗಿಸಿದ ಹುಡುಗಿಯ ಓದು ಪಕ್ಕದ ಊರಿನ ಶಾಲೆ ದೂರವೆಂಬ ಕಾರಣಕ್ಕೆ ನಿಲ್ಲುವುದು ಈ ಭಾಗದಲ್ಲಿ ಸಾಮಾನ್ಯವಾಗಿದ್ದ ಕಾಲದಲ್ಲಿ ಇದರ ಬೆಲೆ ದೊಡ್ಡದು.

ಅದೇ ವರ್ಷಗಳಲ್ಲಿ ಬಿಹಾರವೂ ಇಂಥದ್ದೇ ಯೋಜನೆ ತಂದಿತು. ಅರ್ಥಶಾಸ್ತ್ರಜ್ಞರಾದ ಕಾರ್ತಿಕ್ ಮುರಳೀಧರನ್ ಮತ್ತು ನಿಶಿತ್ ಪ್ರಕಾಶ್ ಅದನ್ನು ಅಧ್ಯಯನ ಮಾಡಿ, ಪ್ರೌಢಶಾಲೆಗೆ ಸೇರುವ ಹುಡುಗಿಯರ ಪ್ರಮಾಣ ಶೇ. 32ರಷ್ಟು ಏರಿತೆಂದು ತೋರಿಸಿದರು. ಶಾಲೆ ದೂರವಿದ್ದ ಹಳ್ಳಿಗಳಲ್ಲೇ ಹೆಚ್ಚಿನ ಪರಿಣಾಮ ಕಂಡಿತು. ಕರ್ನಾಟಕದಲ್ಲಿ ಈ ಯೋಜನೆ ಕೋವಿಡ್ ಕಾಲದಲ್ಲಿ ನಿಂತಿತು. ಸುಮಾರು ಒಂದೂವರೆ ದಶಕ ನಡೆದು, ಹಳ್ಳಿ ಮಕ್ಕಳಿಗೆ ನೇರವಾಗಿ ಮುಟ್ಟಿದ್ದ ಯೋಜನೆ ಹೀಗೆ ಕೈಬಿಟ್ಟುಹೋದದ್ದು ನಿಜವಾದ ನಷ್ಟ.

ಶಕ್ತಿ ಯೋಜನೆ

2023ರ ಜೂನ್ 11ರಂದು ರಾಜ್ಯ ಸರ್ಕಾರ ‘ಶಕ್ತಿ’ ಯೋಜನೆ ಜಾರಿಗೊಳಿಸಿತು. ರಾಜ್ಯದೊಳಗೆ ನಾಲ್ಕೂ ನಿಗಮಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಕರ್ನಾಟಕದ ಮಹಿಳೆಯರಿಗೆ ಪ್ರಯಾಣ ಉಚಿತವಾಯಿತು. ಹವಾನಿಯಂತ್ರಿತ ಮತ್ತು ಐಷಾರಾಮಿ ಬಸ್ಸುಗಳು ಇದರಲ್ಲಿಲ್ಲ. ಬೆಂಗಳೂರು ನಗರ ಸಾರಿಗೆ ಬಿಟ್ಟು ಉಳಿದ ನಿಗಮಗಳಲ್ಲಿ ಅರ್ಧದಷ್ಟು ಆಸನಗಳನ್ನು ಪುರುಷರಿಗೆ ಮೀಸಲಿಡಲಾಯಿತು. ಮಹಿಳೆ ಗುರುತಿನ ಚೀಟಿ ತೋರಿಸುತ್ತಾಳೆ, ನಿರ್ವಾಹಕ ಯಂತ್ರದಿಂದ ಶೂನ್ಯ ದರದ ಟಿಕೆಟ್ ಕೊಡುತ್ತಾನೆ. ಆ ಟಿಕೆಟ್‌ಗಳ ಲೆಕ್ಕದ ಮೇಲೆ ಸರ್ಕಾರ ನಿಗಮಕ್ಕೆ ಹಣ ಭರಿಸುತ್ತದೆ. 2025ರ ಜುಲೈ ವೇಳೆಗೆ ರಾಜ್ಯದಲ್ಲಿ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು.

ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಇಂಥ ಕ್ರಮ ಕೈಗೊಂಡಿದ್ದವು. ಕರ್ನಾಟಕದ ನಂತರ ತೆಲಂಗಾಣ 2023ರ ಡಿಸೆಂಬರ್‌ನಲ್ಲಿ, ಆಂಧ್ರಪ್ರದೇಶ 2025ರ ಆಗಸ್ಟ್‌ನಲ್ಲಿ ಇದೇ ದಾರಿ ಹಿಡಿದವು. ಕೂಲಿಗೆ, ತವರಿಗೆ, ಆಸ್ಪತ್ರೆಗೆ ಹೋಗಲು ಮನೆಯವರ ಬಳಿ ಬಸ್ ಚಾರ್ಜು ಕೇಳಬೇಕಿಲ್ಲವೆಂಬುದು ಈ ಯೋಜನೆಯ ದೊಡ್ಡ ಗಳಿಕೆ. ಆದರೆ ಟಿಕೆಟ್ ಉಚಿತವಾದರೂ ಉಪಯೋಗ ಸಿಗುವುದು ಬಸ್ಸು ಬರುವ ಊರಿಗೆ ಮಾತ್ರ. ಹೆಚ್ಚು ಬಸ್ಸು ಓಡುವ ಹೆದ್ದಾರಿ ಬದಿಯ ಊರಿನವಳಿಗೂ, ದಿನಕ್ಕೆ ಒಂದೆರಡೇ ಬಸ್ಸು ಬರುವ ಒಳಹಳ್ಳಿಯವಳಿಗೂ ಶಕ್ತಿ ಒಂದೇ ತೂಕದ್ದಲ್ಲ.

ರೈಲು

ಗಿಣಿಗೇರಾದಿಂದ ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ರಾಯಚೂರು ಮಾರ್ಗವಾಗಿ ಮಹಬೂಬ್‌ನಗರ ಸೇರುವ 244 ಕಿ.ಮೀ. ರೈಲು ಮಾರ್ಗಕ್ಕೆ 1997–98ರಲ್ಲಿ ಮಂಜೂರಾತಿ ಸಿಕ್ಕಿತು. ರೈಲು ಕೇಂದ್ರದ ವಿಷಯವಾದರೂ, ಹೊಸ ಮಾರ್ಗಗಳಿಗೆ ಭೂಮಿಯನ್ನು ಉಚಿತವಾಗಿ ಕೊಟ್ಟು ನಿರ್ಮಾಣ ವೆಚ್ಚದಲ್ಲೂ ಅರ್ಧ ಹೊರುವ ನೀತಿಯನ್ನು ಕರ್ನಾಟಕ ಅನುಸರಿಸಿದೆ. ಈ ಮಾರ್ಗದ ರಾಜ್ಯದೊಳಗಿನ ಭಾಗವೂ ಹಾಗೆಯೇ ನಡೆದಿದೆ. ರೈಲು 2019ರಲ್ಲಿ ಗಂಗಾವತಿಗೆ, ಬಳಿಕ ಕಾರಟಗಿಗೆ, 2024ರ ಮಾರ್ಚ್‌ನಲ್ಲಿ ಸಿಂಧನೂರಿಗೆ ಬಂತು. ಮಂಜೂರಾದ ವರ್ಷ ಹುಟ್ಟಿದ ಮಗು, ತನ್ನ ಊರಿನ ನಿಲ್ದಾಣದಲ್ಲಿ ರೈಲು ಹತ್ತುವಾಗ 26 ದಾಟಿತ್ತು.

ಲಿಂಗಸುಗೂರಿನ ಪಾಲಿಗೆ ಬರಬೇಕಾದದ್ದು ಗದಗ–ವಾಡಿ ಮಾರ್ಗ. 2013–14ರಲ್ಲಿ ಮಂಜೂರಾದ, ಸುಮಾರು 257 ಕಿ.ಮೀ. ಉದ್ದದ ಇದು ಯಲಬುರ್ಗಾ, ಕುಷ್ಟಗಿ, ಮುದಗಲ್, ಲಿಂಗಸುಗೂರು, ಸುರಪುರ, ಶಹಾಪುರಗಳನ್ನು ಜೋಡಿಸುತ್ತದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಯಿಂದ ಹುಬ್ಬಳ್ಳಿಗೆ ರೈಲು ಆರಂಭವಾಯಿತು. ಅಲ್ಲಿಂದ ಮುಂದೆ ಲಿಂಗಸುಗೂರು ಸೀಮೆಗೆ ಹಳಿ ಬರಬೇಕು. ಮಸ್ಕಿ ಈ ಎರಡೂ ಮಾರ್ಗಗಳ ನಡುವೆ ಉಳಿಯುವ ಊರು. ಅಲ್ಲಿನವರು ಯಾವ ನಿಲ್ದಾಣಕ್ಕೆ ಹೋಗಬೇಕೆಂದರೂ ಬಸ್ಸೇ ಹಿಡಿಯಬೇಕು.

ಕಾಲ್ನಡಿಗೆ

ಯುಗಾದಿಗೆ ಮುಂಚೆ ಉತ್ತರ ಕರ್ನಾಟಕದ ಸಾವಿರಾರು ಭಕ್ತರು ಈ ರಸ್ತೆಗಳಲ್ಲಿ ಶ್ರೀಶೈಲಕ್ಕೆ ಪಾದಯಾತ್ರೆ ಹೊರಡುತ್ತಾರೆ. ಊರವರು ದಾರಿಯುದ್ದಕ್ಕೂ ನೀರು, ಊಟ, ನೆರಳಿನ ವ್ಯವಸ್ಥೆ ಮಾಡುತ್ತಾರೆ. ದಿನನಿತ್ಯ ನಡೆಯುವವರಿಗೆ ಅಂಥ ವ್ಯವಸ್ಥೆ ಕಡಿಮೆ. ಹೊಲದ ದಾರಿಗಳಿಗೆ ‘ನಮ್ಮ ಹೊಲ ನಮ್ಮ ದಾರಿ’ ಎಂಬ ಯೋಜನೆ ಇದೆ. ಹೆದ್ದಾರಿ ಬದಿಯಲ್ಲಿ ಶಾಲೆಗೆ, ಬಸ್ ನಿಲ್ದಾಣಕ್ಕೆ ನಡೆಯುವವರಿಗೆ ಮಾತ್ರ ಮಣ್ಣಿನ ಅಂಚೇ ಪಾದಚಾರಿ ಮಾರ್ಗ.

2007ರಲ್ಲಿ ಸ್ಥಾಪನೆಯಾದ ರಾಜ್ಯದ ನಗರ ಭೂಸಾರಿಗೆ ನಿರ್ದೇಶನಾಲಯ ನಡಿಗೆ ಮತ್ತು ಸೈಕಲ್ ಬಗ್ಗೆ ಸರ್ಕಾರದಲ್ಲಿ ಹೆಚ್ಚು ಯೋಚಿಸಿದ ಸಂಸ್ಥೆ. 2017ರ ಜೂನ್‌ನಲ್ಲಿ ಅದರ ಪ್ರಯತ್ನದಿಂದ ಮೈಸೂರಿನಲ್ಲಿ 450 ಸೈಕಲ್‌ಗಳ ‘ಟ್ರಿಣ್ ಟ್ರಿಣ್’ ಬಾಡಿಗೆ ಸೇವೆ ಆರಂಭವಾಯಿತು. 2021ರಲ್ಲಿ ನಡೆಯುವವರ ಮತ್ತು ಸೈಕಲ್ ಸವಾರರ ಹಕ್ಕುಗಳ ಬಗ್ಗೆ ಕರಡು ಮಸೂದೆಯೂ ಸಿದ್ಧವಾಯಿತು. ಆದರೆ ಹೆಸರೇ ಹೇಳುವಂತೆ ಈ ನಿರ್ದೇಶನಾಲಯದ ಕಣ್ಣು ನಗರಗಳ ಮೇಲೆ.

ಇಂದಿನ ಸ್ಥಿತಿ

ಇಂದು ಬಸ್ಸು ಸಾರಿಗೆ ನಿಗಮದ್ದು, ರೈಲು ರೈಲ್ವೆಯದು, ಹೆದ್ದಾರಿ ಹೆದ್ದಾರಿ ಇಲಾಖೆಯದು, ಸೈಕಲ್ ಶಿಕ್ಷಣ ಇಲಾಖೆಯ ನೆನಪಿನಲ್ಲಿ ಉಳಿದಿರುವ ಯೋಜನೆ. ಸಿಂಧನೂರಿಗೆ ರೈಲು ಬಂದ ಮೇಲೆ ಇವನ್ನು ಹೊಂದಿಸುವ ಕೆಲಸ ಇನ್ನೂ ತುರ್ತಿನದಾಗಿದೆ. ರೈಲಿನ ವೇಳೆಗೆ ಸರಿಯಾಗಿ ನಿಲ್ದಾಣಕ್ಕೆ ಹಳ್ಳಿಯ ಬಸ್ಸು, 8ನೇ ತರಗತಿಗೆ ಮತ್ತೆ ಸೈಕಲ್, ಹೆದ್ದಾರಿ ಬದಿಯಲ್ಲಿ ನಡೆಯಲು ಜಾಗ, ಇವು ಹೊಸ ರೈಲು ಮಾರ್ಗಕ್ಕೆ ಹೋಲಿಸಿದರೆ ಅಲ್ಪ ಖರ್ಚಿನ ಕೆಲಸಗಳು. ಒಂದೂವರೆ ಶತಮಾನ ಕಾದು ರೈಲು ಪಡೆದ ಸೀಮೆ, ಮನೆಯಿಂದ ಆ ರೈಲಿನವರೆಗಿನ ದಾರಿಗಾಗಿ ಇನ್ನಷ್ಟು ಕಾಲ ಕಾಯಬಾರದು.