ಬಲ್ಲೀಮಾರಾನ್ ಮನೆಯ ಲೆಕ್ಕ

ಉರ್ದು ಶಾಲೆಯಲ್ಲಿ ನಮಗೆ ಗಾಲಿಬರ ಶೇರ್‌ಗಳನ್ನು ಬಾಯಿಪಾಠ ಮಾಡಿಸಿದರು. ಅವರ ಮನೆಖರ್ಚಿನ ಲೆಕ್ಕವನ್ನು ಮಾತ್ರ ಯಾವ ಉಸ್ತಾದರೂ ಹೇಳಲಿಲ್ಲ. ಅದು ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ, ಅವರ ಪತ್ರಗಳನ್ನು ಓದುವಾಗ.

ದಿಲ್ಲಿಯಲ್ಲಿ ಆ ದಂಪತಿಗಳ ಕಾಯಂ ವರಮಾನ ತಿಂಗಳಿಗೆ 62 ರೂಪಾಯಿ 8 ಆಣೆ. ಗಾಲಿಬರನ್ನು ಸಾಕಿದ ಚಿಕ್ಕಪ್ಪ ನಸ್ರುಲ್ಲಾ ಬೇಗ್ ಖಾನ್ 1806ರಲ್ಲಿ ತೀರಿಕೊಂಡಾಗ ಆ ಕುಟುಂಬಕ್ಕೆಂದು ಗೊತ್ತಾದ ಪಿಂಚಣಿಯ ಪಾಲು ಇದು. ಅದನ್ನು ಹಂಚುವ ಹೊಣೆ ಫಿರೋಜ್‌ಪುರ ಝಿರ್ಕಾದ ನವಾಬ ಅಹ್ಮದ್ ಬಖ್ಶ್ ಖಾನರದು. ಮೊದಲು 10 ಸಾವಿರವಿದ್ದ ವರ್ಷದ ಮೊತ್ತ 5 ಸಾವಿರಕ್ಕಿಳಿಯಿತು. ಅದರಲ್ಲೂ 2 ಸಾವಿರ ಬೇರೊಬ್ಬರ ಪಾಲಾಗಿ, ಗಾಲಿಬರಿಗೆ ಬಂದದ್ದು 750. ಈ ನವಾಬರು ಗಾಲಿಬರ ಪತ್ನಿ ಉಮ್ರಾವ್ ಬೇಗಂ ಅವರ ತಂದೆಯ ಸಹೋದರ! ಹಕ್ಕು ಕೇಳಿ ಗಾಲಿಬರು ಕಲ್ಕತ್ತೆಗೆ ಹೋದರು; 1828ರಲ್ಲಿ ತಲುಪಿ ಮರುವರ್ಷ ಮರಳಿದರು. ದಾವೆ ಸೋತಿತು, ಸಾಲ ಉಳಿಯಿತು. ಅಷ್ಟೂ ಕಾಲ ತವರಿಗೂ ಗಂಡನಿಗೂ ನಡುವೆ ನಿಂತಿದ್ದ ಬೇಗಂ ಏನು ನೆನೆದರೋ, ಯಾರೂ ಬರೆದಿಡಲಿಲ್ಲ.

ಅರವತ್ತೆರಡು ರೂಪಾಯಿಗೆ ಬಡವರು ಬದುಕುತ್ತಿದ್ದರು, ನಿಜ. ಆದರೆ ದಿಲ್ಲಿಯಲ್ಲಿ ಶರೀಫರ ಮನೆಯೆಂದರೆ ನೌಕರರು, ಪಲ್ಲಕ್ಕಿ, ಅತಿಥಿಗಳು ಎಲ್ಲವೂ ಬೇಕು. ಗಾಲಿಬರಿಗೆ ಮದ್ಯವೂ ಬೇಕಿತ್ತು. ಸ್ವಂತ ಮನೆ ಕೊನೆಯವರೆಗೂ ಆಗಲಿಲ್ಲ, ಬಾಡಿಗೆ ತಪ್ಪಲಿಲ್ಲ. 1842ರಲ್ಲಿ ದಿಲ್ಲಿ ಕಾಲೇಜಿನಲ್ಲಿ ಪಾರ್ಸಿ ಕಲಿಸುವ ಕೆಲಸ ಸಿಗುವುದರಲ್ಲಿತ್ತು. ಸಾಹೇಬರು ಹೊರಬಂದು ಎದುರುಗೊಳ್ಳಲಿಲ್ಲವೆಂದು ಪಲ್ಲಕ್ಕಿ ಹಿಂದಿರುಗಿತು. ನಮ್ಮ ಜನ ಈ ಕತೆಯನ್ನು ಅಭಿಮಾನದಿಂದ ಹೇಳುತ್ತಾರೆ. ಅಂದು ಸಂಜೆ ಅಡುಗೆಮನೆಯಲ್ಲಿ ಏನಾಯಿತೆಂದು ಕೇಳಬೇಕೆನಿಸುತ್ತದೆ ನನಗೆ.

1850ರಲ್ಲಿ ಬಾದಶಹ ಜಫರ್, ತೈಮೂರ್ ವಂಶದ ಇತಿಹಾಸ ಬರೆಯಲೆಂದು ತಿಂಗಳಿಗೆ 50 ರೂಪಾಯಿ ಗೊತ್ತುಮಾಡಿದರು. ಹೆತ್ತ ಮಕ್ಕಳೆಲ್ಲ ಎಳವೆಯಲ್ಲೇ ಹೋಗಿದ್ದ ಮನೆಗೆ, 1852ರಲ್ಲಿ ಬೇಗಂ ಅವರ ಅಕ್ಕನ ಮಗ ಆರಿಫ್ ತೀರಿಕೊಂಡ ಮೇಲೆ, ಆತನ ಇಬ್ಬರು ಗಂಡುಮಕ್ಕಳು ಬಂದರು. 1857ರಲ್ಲಿ ಎರಡೂ ವರಮಾನ ಒಮ್ಮೆಲೇ ನಿಂತವು. ಬೇಗಂ ಗಂಡನಿಗೂ ಹೇಳದೆ ತಮ್ಮ ಒಡವೆಗಳನ್ನು ಜೋಪಾನಕ್ಕೆಂದು ಕಾಲೇ ಸಾಹೇಬರ ಮನೆಗೆ ಕಳಿಸಿದ್ದರು. ಸಿಪಾಯಿಗಳು ಅಗೆದು ಒಯ್ದರು. ಆಮೇಲೆ ಮನೆಯ ಬಟ್ಟೆಬರೆ, ಹಾಸಿಗೆ ಮಾರಿ ಹೊಟ್ಟೆ ಹೊರೆದರು.

1859ರಲ್ಲಿ ರಾಮಪುರದ ನವಾಬರು ತಿಂಗಳಿಗೆ ನೂರು ಕೊಡತೊಡಗಿದರು. ಮರುವರ್ಷ ಪಿಂಚಣಿಯೂ ಮರಳಿತು. ಮೂರು ವರ್ಷದ ಬಾಕಿ 2,250ರ ಹೆಚ್ಚಿನ ಪಾಲು ಸಾಲಗಾರರ ಕೈಸೇರಿತು. ಹೀಗೆ ತಿಂಗಳಿಗೆ 162 ರೂಪಾಯಿ 8 ಆಣೆ. ಅದೂ ಸಾಲದೆ, ಅಸಲು, ಬಡ್ಡಿ, ಚೌಕಿದಾರ, ಹೆಂಡತಿ, ಮಕ್ಕಳು ಎಂದು ಎಣಿಸುತ್ತಾ ಪತ್ರ ಬರೆದರು ಗಾಲಿಬರು. ಬೆಳಗಿನ ಶರಬತ್ತು, ಮಧ್ಯಾಹ್ನದ ಮಾಂಸ, ರಾತ್ರಿಯ ಮದ್ಯಕ್ಕೆ ಕತ್ತರಿ ಹಾಕಿದ್ದನ್ನು ನಗುತ್ತಲೇ ತಿಳಿಸಿದರು.

ಬೇಗಂ ಏನನ್ನು ಬಿಟ್ಟರು ಎಂಬ ಪಟ್ಟಿ ಆ ಪತ್ರದಲ್ಲಿಲ್ಲ. 1869ರ ಫೆಬ್ರವರಿ 15ರಂದು ಗಾಲಿಬರು ತೀರಿಕೊಂಡಾಗ ಸಾಲ ಇನ್ನೂ ಉಳಿದಿತ್ತು. ವರ್ಷ ತುಂಬುವ ಹೊತ್ತಿಗೆ ಬೇಗಂ ಕೂಡ ಹೋದರು.