ನಲ್ಲಿ ತೆರೆದು ತೂಬು ಮುಚ್ಚಿದವರು

1884ರ ವಿಯೆನ್ನಾ. ಶರೀರಶಾಸ್ತ್ರಜ್ಞ ಎರ್ನ್ಸ್ಟ್ ಫಾನ್ ಫ್ಲೈಶ್ಲ್‌ ಅವರಿಗೆ ಒಂದು ಹೆಬ್ಬೆರಳಿರಲಿಲ್ಲ. ಪ್ರಯೋಗಾಲಯದಲ್ಲಿ ತಗುಲಿದ ಸೋಂಕಿನಿಂದಾಗಿ ಅದನ್ನು ಕತ್ತರಿಸಬೇಕಾಯಿತು. ಉಳಿದ ಮೋಟಿನ ನೋವು ತಡೆಯಲಾರದೆ ಮಾರ್ಫಿನ್ ಹಿಡಿದವರು ಅದನ್ನು ಬಿಡಲಾಗದೆ ಒದ್ದಾಡುತ್ತಿದ್ದರು.

ಬಿಡಿಸಲು ಹೊರಟವರು ಗೆಳೆಯ ಸಿಗ್ಮಂಡ್ ಫ್ರಾಯ್ಡ್, ಕೊಕೇನಿನ ಬಗ್ಗೆ ಆಗಷ್ಟೇ ಹುಚ್ಚೆದ್ದು ಓದುತ್ತಿದ್ದ ತರುಣ ವೈದ್ಯ. ಮಾರ್ಫಿನ್ ಬದಲಿಗೆ ಕೊಕೇನ್ ಕೊಟ್ಟ ಮೊದಲ ದಿನಗಳು ಆಸೆ ಹುಟ್ಟಿಸಿದವು. ಅದೇ ವರ್ಷ ಫ್ರಾಯ್ಡ್ ಕೊಕೇನನ್ನು ಹೊಗಳಿ ಲೇಖನವನ್ನೂ ಬರೆದರು. ಅವಸರವೆಂದರೆ ಇದು!

ಎರಡೂ ಮದ್ದುಗಳು ಮಿದುಳಿನಲ್ಲಿ ಡೋಪಮೈನ್ ಎಂಬ ಸಂಕೇತ-ರಾಸಾಯನಿಕವನ್ನು ಹೆಚ್ಚಿಸುತ್ತವೆ, ಆದರೆ ಬೇರೆ ಬೇರೆ ದಾರಿಯಲ್ಲಿ. ಮಾರ್ಫಿನ್ ಡೋಪಮೈನ್ ಕೋಶಗಳ ಬ್ರೇಕನ್ನು ಸಡಿಲಿಸುತ್ತದೆ. ಕೊಕೇನ್, ಹೊರಬಿದ್ದ ಡೋಪಮೈನ್ ಹಿಂದಕ್ಕೆ ಹೋಗದಂತೆ ತಡೆಯುತ್ತದೆ. ಒಂದು ನಲ್ಲಿ ತೆರೆದರೆ ಇನ್ನೊಂದು ಬಚ್ಚಲ ತೂಬು ಮುಚ್ಚಿದ ಹಾಗೆ. ಆದರೆ ಮಾರ್ಫಿನ್ ಬಿಟ್ಟಾಗಿನ ಮೈಕೈ ನೋವು, ಭೇದಿ, ನಡುಕದ ಮೂಲ ಬೇರೆ ಕಡೆಯಿದೆ. ಅಲ್ಲಿಗೆ ಕೊಕೇನಿನ ಕೈ ಎಟುಕದು. ಅದರ ಅಮಲೂ ಬೇಗ ಇಳಿಯುತ್ತದೆ, ಮತ್ತೆ ಬೇಕೆನಿಸುತ್ತದೆ.

ಮರುವರ್ಷದ ಹೊತ್ತಿಗೆ ಫ್ಲೈಶ್ಲ್ ದಿನಕ್ಕೆ ಒಂದು ಗ್ರಾಂವರೆಗೆ ಕೊಕೇನ್ ತೆಗೆದುಕೊಳ್ಳುತ್ತಿದ್ದರು. ಚರ್ಮದ ಮೇಲೆ ಬಿಳಿ ಹಾವುಗಳು ಹರಿದಾಡಿದಂತೆ ಅವರಿಗೆ ಭಾಸವಾಗುತ್ತಿತ್ತು. ಮಾರ್ಫಿನ್ ಚಟವೂ ಹಾಗೇ ಉಳಿದಿತ್ತು. 1891ರಲ್ಲಿ, 45ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.