ಸ್ಲರಿ ಪಂಪ್ ಆಯ್ಕೆ: ನೀರಿನ ಲೆಕ್ಕ ರಾಡಿಗೆ ಸಲ್ಲದು

ಉಕ್ಕು, ಅಲ್ಯೂಮಿನಿಯಂ ಪಾತ್ರೆ, ಚಿನ್ನದ ಆಭರಣ, ಕಟ್ಟಡಕ್ಕೆ ಬಳಸುವ ತೊಳೆದ ಎಂ-ಸ್ಯಾಂಡ್ ಇವುಗಳ ನಡುವೆ ಒಂದು ಸಾಮ್ಯವಿದೆ. ಇವುಗಳ ತಯಾರಿಕೆಯ ಯಾವುದೋ ಒಂದು ಹಂತದಲ್ಲಿ ಕಲ್ಲಿನ ಪುಡಿ ಮತ್ತು ನೀರು ಬೆರೆತ ರಾಡಿಯನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬೇಕಾಗುತ್ತದೆ. ತಾಂತ್ರಿಕ ಪರಿಭಾಷೆಯಲ್ಲಿ ಈ ರಾಡಿಗೆ ‘ಸ್ಲರಿ’ ಎಂದೂ, ಅದನ್ನು ಎತ್ತುವ ಯಂತ್ರಕ್ಕೆ ‘ಸ್ಲರಿ ಪಂಪ್’ ಎಂದೂ ಹೆಸರು. ನೋಟಕ್ಕೆ ಇದು ತೋಟದ ನೀರೆತ್ತುವ ಪಂಪಿನ ದೊಡ್ಡಣ್ಣನಂತೆ ಕಂಡರೂ ಇದರ ಆಯ್ಕೆಯ ನಿಯಮಗಳೇ ಬೇರೆ. ನೀರಿನ ಲೆಕ್ಕದಲ್ಲಿ ಕೊಂಡ ಪಂಪ್ ರಾಡಿಯಲ್ಲಿ ಕೆಲವೇ ವಾರಗಳಲ್ಲಿ ಸವೆದು ಹೋಗುವುದುಂಟು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಸೋತ ಪಂಪಿಗೆ ಆಸರೆಯಾಗಿ ಸ್ಥಾವರದವರು ರಾಡಿಗೆ ಮತ್ತಷ್ಟು ನೀರು ಬೆರೆಸತೊಡಗುವುದು.

ಕರ್ನಾಟಕದ ಅನುಭವ

ರಾಡಿ ಸಾಗಣೆಯಲ್ಲಿ ಕರ್ನಾಟಕದ ಅನುಭವ ಸಣ್ಣದಲ್ಲ. 1976ರಲ್ಲಿ ಸ್ಥಾಪನೆಯಾದ ಕುದುರೆಮುಖ ಕಬ್ಬಿಣ ಅದಿರು ಕಂಪನಿಯು ಕಡಿಮೆ ಕಬ್ಬಿಣಾಂಶದ ಮ್ಯಾಗ್ನಟೈಟ್ ಅದಿರನ್ನು ಅರೆದು, ಬೇರ್ಪಡಿಸಿ, ರಾಡಿಯ ರೂಪದಲ್ಲಿ ಸುಮಾರು 67 ಕಿ.ಮೀ. ಉದ್ದದ ಕೊಳವೆ ಮಾರ್ಗದ ಮೂಲಕ ಪಶ್ಚಿಮ ಘಟ್ಟದಿಂದ ಮಂಗಳೂರಿಗೆ ಸಾಗಿಸುತ್ತಿತ್ತು. ಉಳಿದ ತ್ಯಾಜ್ಯ ರಾಡಿ ಲಕ್ಯಾ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಡಿಸೆಂಬರ್ 31ಕ್ಕೆ ಅಲ್ಲಿನ ಗಣಿಗಾರಿಕೆ ನಿಂತಿತು.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಚಿನ್ನದ ಅದಿರನ್ನು ನುಣ್ಣಗೆ ಅರೆದು ಸೈನೈಡ್ ದ್ರಾವಣದಲ್ಲಿ ಕರಗಿಸಿ ಚಿನ್ನ ಪಡೆಯಲಾಗುತ್ತದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ‘ಸೈನೈಡ್ ದಿಬ್ಬ’ಗಳು ಇಂಥದೇ ಪ್ರಕ್ರಿಯೆಯ ಪಳೆಯುಳಿಕೆಗಳು. ತೋರಣಗಲ್ಲಿನಲ್ಲಿ ಕಡಿಮೆ ದರ್ಜೆಯ ಕಬ್ಬಿಣದ ಅದಿರನ್ನು ನೀರಿನಲ್ಲಿ ತೊಳೆದು ಉನ್ನತ ದರ್ಜೆಗೇರಿಸುವ ಘಟಕವಿದೆ. ಬೆಳಗಾವಿ ನಗರದ ಅಂಚಿನಲ್ಲಿರುವ ಹಿಂಡಾಲ್ಕೊ ಸಂಸ್ಥೆಯ ಅಲ್ಯೂಮಿನಾ ಸ್ಥಾವರದಲ್ಲಿ ಬಾಕ್ಸೈಟ್ ಅದಿರನ್ನು ಬಿಸಿ ಕಾಸ್ಟಿಕ್ ಸೋಡಾದಲ್ಲಿ ಕರಗಿಸಲಾಗುತ್ತದೆ. ಕರಗದೆ ಉಳಿಯುವ ಕೆಂಪು ರಾಡಿಯನ್ನು ತೊಳೆದು ಬೇರ್ಪಡಿಸಬೇಕಾಗುತ್ತದೆ.

ನಾಲ್ಕು ತಾಲ್ಲೂಕುಗಳ ಸಂಬಂಧ

ಬೆಳಗಾವಿ ಜಿಲ್ಲೆಯ ಪೂರ್ವ ಮತ್ತು ದಕ್ಷಿಣ ಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಲ್ಲಿ ಇಂಥ ಬೃಹತ್ ಲೋಹ ಸಂಸ್ಕರಣಾ ಸ್ಥಾವರಗಳಿಲ್ಲ. ಆದರೆ ಪಂಪ್ ಆಯ್ಕೆಯ ಪ್ರಶ್ನೆ ಅಲ್ಲಿಯೂ ಸಣ್ಣ ಪ್ರಮಾಣದಲ್ಲಿ ಎದುರಾಗುತ್ತದೆ. ನದಿ ಮರಳಿನ ಕೊರತೆಯಿಂದಾಗಿ ರಾಜ್ಯದಾದ್ಯಂತ ಜಲ್ಲಿ ಕ್ರಷರ್‌ಗಳು ಎಂ-ಸ್ಯಾಂಡ್ ತಯಾರಿಕೆಗೆ ತಿರುಗಿವೆ. ಮರಳಿನೊಡನೆ ಬೆರೆತ ನುಣುಪು ಪುಡಿಯನ್ನು ತೊಳೆದು ತೆಗೆಯಲು ಸ್ಲರಿ ಪಂಪ್ ಬೇಕು. ಎಂ.ಕೆ. ಹುಬ್ಬಳ್ಳಿ, ಮುನವಳ್ಳಿ ಭಾಗದ ಸಕ್ಕರೆ ಕಾರ್ಖಾನೆಗಳಂಥ ಕಡೆ ಕಬ್ಬಿನ ರಸದಿಂದ ಬೇರ್ಪಟ್ಟ ಕೆಸರು ಮತ್ತು ಬಾಯ್ಲರ್ ಬೂದಿಯ ನೀರಿಗೂ ಇದೇ ನಿಯಮಗಳು ಅನ್ವಯಿಸುತ್ತವೆ. ಕಬ್ಬಿನೊಡನೆ ಹೊಲದ ಮಣ್ಣು ಮರಳೂ ಗಾಣಕ್ಕೆ ಬರುವುದರಿಂದ ಆ ಕೆಸರು ಪಂಪನ್ನು ಸವೆಸುತ್ತದೆ.

ಈ ಭಾಗದ ಶಿಲೆಯ ಗುಣವನ್ನೂ ಗಮನಿಸಬೇಕು. ಸವದತ್ತಿ, ರಾಮದುರ್ಗ ಪ್ರದೇಶದಲ್ಲಿ ಕಲಾದಗಿ ಶಿಲಾಸಮೂಹಕ್ಕೆ ಸೇರಿದ ಮರಳುಗಲ್ಲು, ಕ್ವಾರ್ಟ್ಜೈಟ್ ಮತ್ತು ಸುಣ್ಣಕಲ್ಲು ಹರಡಿವೆ. ಗಡಸುತನದ ಮೋಸ್ ಮಾಪಕದಲ್ಲಿ ಸುಣ್ಣಕಲ್ಲಿನ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3ರಲ್ಲಿದ್ದರೆ, ಮರಳುಗಲ್ಲಿನ ಕ್ವಾರ್ಟ್ಜ್ 7ರಲ್ಲಿದೆ. ಸಾಮಾನ್ಯ ಉಕ್ಕು ಕ್ವಾರ್ಟ್ಜ್‌ಗಿಂತ ಮೃದು. ಹೀಗಾಗಿ ಒಂದೇ ತಾಲ್ಲೂಕಿನ ಎರಡು ಕಲ್ಲು ಕ್ವಾರಿಗಳಿಗೆ ಒಂದೇ ಬಗೆಯ ಪಂಪ್ ಹೊಂದಬೇಕೆಂದಿಲ್ಲ.

ಪಂಪ್ ಉದ್ಯಮಕ್ಕೂ ಈ ನೆಲಕ್ಕೂ ಹಳೆಯ ನಂಟಿದೆ. ಕಿರ್ಲೋಸ್ಕರ್ ಉದ್ಯಮದ ಸ್ಥಾಪಕ ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಲ್ಲಿ ಸವದತ್ತಿ ಭಾಗದ ಗುರ್ಲಹೊಸೂರಿನಲ್ಲಿ ಜನಿಸಿದರು. ಬೆಳಗಾವಿಯ ಸೈಕಲ್ ಅಂಗಡಿಯಿಂದ ಉದ್ಯಮಕ್ಕಿಳಿದ ಅವರು 1910ರಲ್ಲಿ ಮಹಾರಾಷ್ಟ್ರದ ಕಿರ್ಲೋಸ್ಕರವಾಡಿಗೆ ತೆರಳಿದರು. ಬೆಳಗಾವಿಯ ಉದ್ಯಮಬಾಗ ಇಂದಿಗೂ ಎರಕದ ಕಾರ್ಖಾನೆಗಳಿಗೆ ಹೆಸರಾಗಿದೆ.

ರಾಡಿ ಪಂಪಿನ ಒಳರಚನೆ

ಕ್ವಾರ್ಟ್ಜ್ ಮಿಶ್ರಿತ ರಾಡಿ ಸಾಮಾನ್ಯ ಪಂಪುಗಳನ್ನು ಕೊರೆದು ಹಾಕುತ್ತಿದ್ದುದನ್ನು ಕಂಡ ಎಂಜಿನಿಯರ್ ಚಾರ್ಲ್ಸ್ ವಾರ್ಮನ್ 1938ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ ಚಿನ್ನದ ಗಣಿ ಪ್ರದೇಶದಲ್ಲಿ ಹೊಸ ವಿನ್ಯಾಸವೊಂದನ್ನು ರೂಪಿಸಿದರು. ಹೊರಗವಚದೊಳಗೆ ಬದಲಿಸಬಹುದಾದ ಒಳಪದರ ಅಂದರೆ ಲೈನರ್, ದಪ್ಪ ರೆಕ್ಕೆಗಳ ಇಂಪೆಲ್ಲರ್, ಅಗಲವಾದ ಹಾದಿ, ಬಲವಾದ ಶಾಫ್ಟ್ ಮತ್ತು ಬೇರಿಂಗ್ ಇಂದಿನ ಬಹುತೇಕ ಸ್ಲರಿ ಪಂಪುಗಳ ಲಕ್ಷಣಗಳು. ಸವೆಯುವುದನ್ನು ತಪ್ಪಿಸಲಾಗದು; ಆದ್ದರಿಂದ ಸವೆಯುವ ಭಾಗವನ್ನು ಸುಲಭವಾಗಿ ಬದಲಿಸುವಂತಿರಬೇಕೆಂಬುದೇ ಇದರ ಮೂಲತತ್ತ್ವ.

ಸಾಂದ್ರತೆ ಮತ್ತು ಮೋಟಾರ್

ಆಯ್ಕೆಯ ಮೊದಲ ಹೆಜ್ಜೆ ರಾಡಿಯ ಸಾಂದ್ರತೆಯನ್ನು ತಿಳಿಯುವುದು. ಕ್ವಾರ್ಟ್ಜ್ ಮರಳಿನ ಸಾಪೇಕ್ಷ ಸಾಂದ್ರತೆ 2.65. ತೂಕದಲ್ಲಿ ಶೇ. 40ರಷ್ಟು ಮರಳಿರುವ ರಾಡಿಯ ಸಾಂದ್ರತೆ ಸುಮಾರು 1.33 ಆಗುತ್ತದೆ. ಸಾಪೇಕ್ಷ ಸಾಂದ್ರತೆ 5 ಇರುವ ಕಬ್ಬಿಣದ ಅದಿರು ಶೇ. 60ರಷ್ಟು ಬೆರೆತರೆ ಅದು 1.92ಕ್ಕೆ ಏರುತ್ತದೆ. ಅಂದರೆ ಅದೇ ಗಾತ್ರದ ನೀರಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಭಾರ.

ಗಂಟೆಗೆ 200 ಘನ ಮೀಟರ್ ಮರಳು ರಾಡಿಯನ್ನು 30 ಮೀಟರ್ ಒಟ್ಟು ಹೆಡ್‌ಗೆ ಎತ್ತಬೇಕಿದೆ ಎಂದುಕೊಳ್ಳಬಹುದು. ಅಷ್ಟೇ ಪ್ರಮಾಣದ ಶುದ್ಧ ನೀರಿಗೆ ಶೇ. 75 ದಕ್ಷತೆಯ ಪಂಪ್ ಸುಮಾರು 22 ಕಿಲೋವಾಟ್ ಕೇಳುತ್ತದೆ. ಸ್ಲರಿ ಪಂಪಿನ ಅಗಲ ಹಾದಿ ಮತ್ತು ಘನ ಕಣಗಳ ಘರ್ಷಣೆಯಿಂದ ದಕ್ಷತೆ ಶೇ. 60ಕ್ಕೆ ಇಳಿದರೆ, 1.33 ಸಾಂದ್ರತೆಯ ರಾಡಿಗೆ ಬೇಕಾಗುವುದು ಸುಮಾರು 36 ಕಿಲೋವಾಟ್. ಸುರಕ್ಷತಾ ಅಂತರ ಸೇರಿಸಿದರೆ 45 ಕಿಲೋವಾಟ್ ಮೋಟಾರ್ ಸೂಕ್ತ. ನೀರಿನ ಲೆಕ್ಕ ಹಿಡಿದು 30 ಕಿಲೋವಾಟ್ ಮೋಟಾರ್ ಕೊಂಡವರಿಗೆ ಅದು ಪದೇ ಪದೇ ಟ್ರಿಪ್ ಆಗುವ ಅನುಭವವಾಗುತ್ತದೆ. ತಯಾರಕರ ಪಟ್ಟಿಯಲ್ಲಿನ ಹೆಡ್ ಸಾಮಾನ್ಯವಾಗಿ ನೀರಿಗೆ ಸಂಬಂಧಿಸಿದ್ದು. ಕಣಗಳಿಂದಾಗುವ ಇಳಿಕೆಯನ್ನು ಅದರಿಂದ ಕಳೆದು ನೋಡಬೇಕು.

ನೀರು ಬೆರೆಸಿದರೆ ಏನಾಗುತ್ತದೆ

ಮೇಲಿನ ಉದಾಹರಣೆಯಲ್ಲಿ ಗಂಟೆಗೆ ಸುಮಾರು 106 ಟನ್ ಮರಳು, 160 ಟನ್ ನೀರು ಸಾಗುತ್ತವೆ. ಮೋಟಾರ್ ಎಳೆಯಲಾರದೆಂದು ರಾಡಿಯನ್ನು ಶೇ. 30ಕ್ಕೆ ತೆಳುಗೊಳಿಸಿದರೆ, ಅಷ್ಟೇ ಮರಳಿಗೆ 248 ಟನ್ ನೀರು ಬೇಕಾಗುತ್ತದೆ. ಗಂಟೆಗೆ ಸುಮಾರು 88 ಸಾವಿರ ಲೀಟರ್, ಹತ್ತು ಗಂಟೆಯ ಪಾಳಿಗೆ 8.8 ಲಕ್ಷ ಲೀಟರ್ ಹೆಚ್ಚುವರಿ ನೀರು. ಮರುಬಳಕೆಯ ವ್ಯವಸ್ಥೆ ಇದ್ದರೂ ಆ ನೀರನ್ನು ತಿಳಿಗೊಳಿಸಿ ಮತ್ತೆ ಎತ್ತುವ ಖರ್ಚು ತಪ್ಪದು. ವ್ಯವಸ್ಥೆ ಇಲ್ಲದಿದ್ದರೆ ಅದು ಕೊಳವೆ ಬಾವಿ ಅಥವಾ ಹಳ್ಳದಿಂದಲೇ ಬರಬೇಕು. ಮಲಪ್ರಭಾ ನದಿಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಕಟ್ಟಿದ ರೇಣುಕಾಸಾಗರವನ್ನೇ ನೀರಾವರಿಗೂ ಹುಬ್ಬಳ್ಳಿ-ಧಾರವಾಡದ ಕುಡಿಯುವ ನೀರಿಗೂ ನೆಚ್ಚಿಕೊಂಡಿರುವ ಪ್ರದೇಶದಲ್ಲಿ ಇದು ಸಣ್ಣ ಸಂಗತಿಯಲ್ಲ.

ಹೆಚ್ಚುವರಿ ನೀರು ಕೊನೆಗೆ ಸೇರುವುದು ತ್ಯಾಜ್ಯದ ಹೊಂಡಕ್ಕೆ. ನೀರು ತುಂಬಿದ ತ್ಯಾಜ್ಯ ಕಟ್ಟೆಗಳ ಅಪಾಯವನ್ನು ಜಗತ್ತು ಕಂಡಿದೆ. 2010ರ ಅಕ್ಟೋಬರ್‌ನಲ್ಲಿ ಹಂಗೇರಿಯ ಅಯ್ಕಾದಲ್ಲಿ ಅಲ್ಯೂಮಿನಾ ಸ್ಥಾವರದ ಕೆಂಪು ರಾಡಿಯ ಕಟ್ಟೆ ಒಡೆದು 10 ಮಂದಿ ಸತ್ತರು. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಡಿನ್ಹೊದಲ್ಲಿ ಕಬ್ಬಿಣದ ಅದಿರಿನ ತ್ಯಾಜ್ಯ ಕಟ್ಟೆ ಕುಸಿದು 270 ಜನರು ಬಲಿಯಾದರು. ಈ ದುರಂತಗಳಿಗೆ ಪಂಪ್ ಕಾರಣವೆಂದಲ್ಲ. ಆದರೆ ತ್ಯಾಜ್ಯವನ್ನು ಗಟ್ಟಿಯಾಗಿಯೇ ಸಾಗಿಸಿ ಒಣರಾಶಿ ಹಾಕುವತ್ತ ಉದ್ಯಮ ಹೊರಳುತ್ತಿರುವಾಗ, ಗಟ್ಟಿ ರಾಡಿಯನ್ನು ತಾಳುವ ಪಂಪ್ ಸುರಕ್ಷತೆಯ ಭಾಗವೇ ಆಗಿದೆ. ತೀರಾ ಗಟ್ಟಿಯಾದ ರಾಡಿಗೆ ಸೆಂಟ್ರಿಫ್ಯೂಗಲ್ ಪಂಪ್ ಸಾಲದು. ಪಿಸ್ಟನ್ ಅಥವಾ ಡಯಾಫ್ರಾಂ ಮಾದರಿಯ ಪಂಪುಗಳು ಬೇಕಾಗುತ್ತವೆ.

ಕೊಳವೆಯ ಗಾತ್ರ

ಕೊಳವೆ ದೊಡ್ಡದಾದಷ್ಟೂ ಒಳ್ಳೆಯದೆಂಬ ನೀರಾವರಿಯ ತಿಳಿವಳಿಕೆ ಇಲ್ಲಿ ತಿರುಗುಬಾಣವಾಗುತ್ತದೆ. ವೇಗ ಒಂದು ಮಿತಿಗಿಂತ ಕುಗ್ಗಿದರೆ ಮರಳು ಕೊಳವೆಯ ತಳದಲ್ಲಿ ಕೂರುತ್ತದೆ. ಗಂಟೆಗೆ 200 ಘನ ಮೀಟರ್ ಒರಟು ಮರಳಿನ ರಾಡಿ 150 ಮಿ.ಮೀ. ಕೊಳವೆಯಲ್ಲಿ ಸೆಕೆಂಡಿಗೆ 3.1 ಮೀಟರ್ ವೇಗದಲ್ಲಿ ಹರಿಯುತ್ತದೆ. ಅಲ್ಲಿ ಮರಳು ಕೂರದಿರಲು ಬೇಕಾದ ಕನಿಷ್ಠ ವೇಗ ಸುಮಾರು 2.9 ಮೀಟರ್. ಅದೇ ರಾಡಿಯನ್ನು 200 ಮಿ.ಮೀ. ಕೊಳವೆಗೆ ಹಾಯಿಸಿದರೆ ವೇಗ 1.8 ಮೀಟರ್‌ಗೆ ಇಳಿಯುತ್ತದೆ, ಬೇಕಾದ ವೇಗ 3.3 ಮೀಟರ್‌ಗೆ ಏರುತ್ತದೆ. ಕೊಳವೆ ಕಟ್ಟಿಕೊಳ್ಳುವುದು ಖಚಿತ. ಹಾಗೆಂದು ವೇಗವನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. ಸವೆತವು ವೇಗದ ಹೆಚ್ಚುಕಡಿಮೆ ಮೂರನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ, ವೇಗವನ್ನು ಶೇ. 20ರಷ್ಟು ತಗ್ಗಿಸಿದರೆ ಸವೆತ ಸುಮಾರು ಅರ್ಧಕ್ಕಿಳಿಯುತ್ತದೆ. ಆದ್ದರಿಂದಲೇ ಒರಟು ಕೆಲಸಕ್ಕೆ ದೊಡ್ಡ ಇಂಪೆಲ್ಲರ್‌ನ, ನಿಧಾನವಾಗಿ ತಿರುಗುವ ಪಂಪ್ ಲೇಸು.

ರಬ್ಬರ್ ಅಥವಾ ಲೋಹ

ಒಳಪದರದ ಆಯ್ಕೆ ಕಣದ ಗಾತ್ರ, ಆಕಾರ, ಶಾಖ ಮತ್ತು ರಾಸಾಯನಿಕ ಗುಣವನ್ನು ಅವಲಂಬಿಸಿದೆ. ನುಣುಪಾದ, ಚೂಪಿಲ್ಲದ ಕಣಗಳಿಗೆ ನೈಸರ್ಗಿಕ ರಬ್ಬರ್ ಉತ್ತಮ. ಕಣ ಬಡಿದಾಗ ರಬ್ಬರ್ ಬಾಗಿ ಪುಟಿಯುವುದರಿಂದ ಲೋಹಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಚೂಪು ಕಲ್ಲು ಅದನ್ನು ಹರಿಯುತ್ತದೆ. ಎಣ್ಣೆ ಮತ್ತು ಅಧಿಕ ಶಾಖ ಅದಕ್ಕೆ ಆಗಿಬರುವುದಿಲ್ಲ. ಒರಟು ಹಾಗೂ ಚೂಪು ಕಣಗಳಿಗೆ ಶೇ. 27ರ ಆಸುಪಾಸು ಕ್ರೋಮಿಯಂ ಇರುವ ಬಿಳಿ ಎರಕದ ಕಬ್ಬಿಣ ರೂಢಿಯಲ್ಲಿದೆ. ಇದು ಅತಿ ಗಡಸು, ಆದರೆ ತೀವ್ರ ಆಮ್ಲವನ್ನು ತಾಳದು. ಕ್ರಷರ್‌ನ ಪುಡಿ ನದಿ ಮರಳಿಗಿಂತ ಚೂಪಾಗಿರುವುದನ್ನು ಎಂ-ಸ್ಯಾಂಡ್ ಘಟಕದವರು ನೆನಪಿಡಬೇಕು.

ಬಿಡಿಭಾಗಗಳನ್ನು ಸ್ಥಳೀಯ ಎರಕದ ಕಾರ್ಖಾನೆಯಲ್ಲಿ ಮಾಡಿಸುವುದು ಅಗ್ಗವೂ ಶೀಘ್ರವೂ ಹೌದು. ಆದರೆ ಆಕಾರ ಒಂದೇ ಆದ ಮಾತ್ರಕ್ಕೆ ಗುಣ ಒಂದಾಗದು. ಲೋಹದ ಮಿಶ್ರಣ ಮತ್ತು ಗಡಸುತನದ ಪರೀಕ್ಷಾ ಪತ್ರವನ್ನು ಪ್ರತಿ ಎರಕದ ತಂಡಕ್ಕೂ ಕೇಳಿ ಪಡೆಯಬೇಕು. ಶಾಖೋಪಚಾರ ಸರಿಯಾಗಿರದ ಎರಕ ಬಿರುಕು ಬಿಡುತ್ತದೆ ಇಲ್ಲವೇ ಬೇಗ ಸವೆಯುತ್ತದೆ.

ಶಾಫ್ಟ್‌ನ ಸೀಲ್

ಶಾಫ್ಟ್ ಹೊರಬರುವ ಜಾಗದಲ್ಲಿ ರಾಡಿ ಸೋರದಂತೆ ಮೂರು ಉಪಾಯಗಳಿವೆ. ಗ್ಲ್ಯಾಂಡ್ ಪ್ಯಾಕಿಂಗ್ ಸರಳ, ಆದರೆ ಅದಕ್ಕೆ ಒತ್ತಡದ ಶುದ್ಧ ನೀರು ಸತತವಾಗಿ ಬೇಕು. ಎಕ್ಸ್‌ಪೆಲ್ಲರ್ ಸೀಲ್ ನೀರನ್ನು ಉಳಿಸುತ್ತದೆ, ಸ್ವಲ್ಪ ವಿದ್ಯುತ್ ತಿನ್ನುತ್ತದೆ. ಪಂಪಿನ ಒಳಹರಿವಿನ ಒತ್ತಡ ಹೆಚ್ಚಿದ್ದರೆ ಕೆಲಸ ಮಾಡದು. ಮೆಕ್ಯಾನಿಕಲ್ ಸೀಲ್ ದುಬಾರಿ, ಸೋರಿಕೆ ಅತ್ಯಲ್ಪ. ಸೈನೈಡ್ ಅಥವಾ ಬಿಸಿ ಕಾಸ್ಟಿಕ್ ಇರುವಲ್ಲಿ ಸೋರಿಕೆ ಕಾರ್ಮಿಕರ ಜೀವದ ಪ್ರಶ್ನೆ. ಅಲ್ಯೂಮಿನಾ ಸ್ಥಾವರದಲ್ಲಂತೂ ಗ್ಲ್ಯಾಂಡಿನ ಮೂಲಕ ಒಳಸೇರುವ ನೀರು ಕಾಸ್ಟಿಕ್ ದ್ರಾವಣವನ್ನು ತೆಳುಗೊಳಿಸುತ್ತದೆ. ಅದನ್ನು ಮತ್ತೆ ಆವಿಯಾಗಿಸಲು ಇಂಧನ ಸುಡಬೇಕು.

ಬೆಲೆಯ ನಿಜವಾದ ಲೆಕ್ಕ

36 ಕಿಲೋವಾಟ್ ಎಳೆಯುವ ಪಂಪ್ ದಿನಕ್ಕೆ 10 ಗಂಟೆಯಂತೆ ವರ್ಷಕ್ಕೆ 300 ದಿನ ನಡೆದರೆ 1.08 ಲಕ್ಷ ಯೂನಿಟ್ ವಿದ್ಯುತ್ ಬಳಸುತ್ತದೆ. ಯೂನಿಟ್ಟಿಗೆ 7 ರೂ. ಎಂದು ಹಿಡಿದರೂ ವರ್ಷಕ್ಕೆ ಏಳೂವರೆ ಲಕ್ಷ ರೂಪಾಯಿ. ಇದಕ್ಕೆ ಇಂಪೆಲ್ಲರ್, ಲೈನರ್‌ಗಳ ಬದಲಾವಣೆ, ಘಟಕ ನಿಂತ ದಿನಗಳ ನಷ್ಟ, ನೀರಿನ ಖರ್ಚು ಸೇರುತ್ತವೆ. ಐದು ವರ್ಷಗಳ ಈ ಒಟ್ಟು ಮೊತ್ತದ ಮುಂದೆ ಎರಡು ಟೆಂಡರ್‌ಗಳ ನಡುವಿನ ಖರೀದಿ ಬೆಲೆಯ ವ್ಯತ್ಯಾಸ ಬಹುಪಾಲು ಸಣ್ಣದಾಗಿಯೇ ಕಾಣುತ್ತದೆ.

ಖರೀದಿಗೆ ಮುನ್ನ

ಪೂರೈಕೆದಾರರಿಗೆ ‘ಇಷ್ಟು ಎಚ್.ಪಿ. ಪಂಪ್’ ಎಂದು ಕೇಳುವ ಬದಲು ಈ ವಿವರಗಳನ್ನು ಬರೆದು ಕೊಡುವುದು ಒಳಿತು:

* ಗಂಟೆಗೆ ಸಾಗಬೇಕಾದ ಒಣ ಕಲ್ಲು ಅಥವಾ ಅದಿರಿನ ಟನ್ ಪ್ರಮಾಣ. ರಾಡಿಯಲ್ಲಿ ಅದರ ಶೇಕಡಾ ತೂಕ
* ಕಣಗಳ ಅತಿ ದೊಡ್ಡ ಹಾಗೂ ಸರಾಸರಿ ಗಾತ್ರ, ಅವುಗಳ ಆಕಾರ, ಖನಿಜದ ಗಡಸುತನ
* ರಾಡಿಯ ಉಷ್ಣಾಂಶ, ಆಮ್ಲ-ಕ್ಷಾರ ಗುಣ, ನೊರೆ ಇದೆಯೇ ಎಂಬುದು
* ಎತ್ತರ, ಕೊಳವೆಯ ಉದ್ದ, ಒಳವ್ಯಾಸ, ತಿರುವುಗಳ ಸಂಖ್ಯೆ. ಹೈಡ್ರೋಸೈಕ್ಲೋನ್ ಇದ್ದರೆ ಅದಕ್ಕೆ ಬೇಕಾದ ಒತ್ತಡ
* ಗ್ಲ್ಯಾಂಡಿಗೆ ಶುದ್ಧ ನೀರು ಲಭ್ಯವೇ, ದಿನಕ್ಕೆ ಎಷ್ಟು ಗಂಟೆ ಕೆಲಸ ಎಂಬುದು

ಪಂಪಿಗೆ ರಾಡಿ ತರುವ ಕೊಳವೆ ಗಿಡ್ಡದಾಗಿಯೂ ನೇರವಾಗಿಯೂ ಇರಬೇಕು. ನಿಲ್ಲಿಸುವ ಮುನ್ನ ಶುದ್ಧ ನೀರು ಹಾಯಿಸಿ ಕೊಳವೆ ತೊಳೆಯಬೇಕು. ಎರಡೂ ಬದಿ ಕಟ್ಟಿಕೊಂಡ ಅಥವಾ ವಾಲ್ವ್ ಮುಚ್ಚಿದ ಸ್ಥಿತಿಯಲ್ಲಿ ಪಂಪನ್ನು ಓಡಿಸಲೇಬಾರದು. ಒಳಗೆ ಸಿಕ್ಕಿಬಿದ್ದ ನೀರು ಕುದಿದು ಆವಿಯ ಒತ್ತಡಕ್ಕೆ ಎರಕದ ಕವಚ ಸಿಡಿದು, ಹತ್ತಿರ ನಿಂತವರ ಪ್ರಾಣಕ್ಕೇ ಸಂಚಕಾರ ತರಬಲ್ಲದು. ಹರಿವು ನಿಂತೊಡನೆ ಮೋಟಾರನ್ನು ತಾನಾಗಿ ನಿಲ್ಲಿಸುವ ಉಪಕರಣವನ್ನು ಪಂಪಿನ ಜೊತೆಗೇ ಖರೀದಿಸುವುದು ಕ್ಷೇಮ.